ಇಬ್ಬರು ನಿಲ್ಲುವಷ್ಟು ಜಾಗ

ಪೋರ್ಟರ್ ರ್ಯಾಂಚಿನ ನಮ್ಮ ಬೀದಿಯಲ್ಲಿ ಸಿದ್ಧಲಿಂಗೇಶ ಅವರ ಕಾರು ಸದಾ ಹೊರಗೇ ನಿಲ್ಲುತ್ತದೆ. ಗ್ಯಾರೇಜಿನೊಳಗೆ ಆಳೆತ್ತರದ ಒಂದು ಪ್ಲೈವುಡ್ ಪೆಟ್ಟಿಗೆ ಇದೆ. ಮೇಲೆ ಹಳೆಯ ಟಿವಿ, ಅದರ ಕೆಳಗೆ ಓರೆಯಾಗಿ ಕೂರಿಸಿದ ಹಲಗೆ, ಹಲಗೆಯ ಮೇಲೆ ಹಿಡಿದು ಆಡಿಸುವ ಒಂದು ಸ್ಟಿಕ್ಕು, ಒತ್ತುವ ಆರು ಬಟನ್ನು. ಹುಬ್ಬಳ್ಳಿಯಲ್ಲಿ ಅವರು ಚಿಕ್ಕವರಿದ್ದಾಗ ಓಣಿಯ ತುದಿಗೆ ಒಂದು ವಿಡಿಯೋ ಗೇಮ್ ಅಂಗಡಿ ಇತ್ತಂತೆ. ಅಲ್ಲಿಯ ಪೆಟ್ಟಿಗೆಯನ್ನು ನೆನಪಿನಿಂದಲೇ ಈ ಪರದೇಶದಲ್ಲಿ ಕಟ್ಟಿದ್ದಾರೆ.

ಸೇತುವೆಗಳ ಭಾರ ಲೆಕ್ಕ ಹಾಕುವ ಎಂಜಿನಿಯರ್ ಅವರು. ಮಾತು ಕಡಿಮೆ. ಸೋಮವಾರ ಸಂಜೆ ಅವರ ಹೆಂಡತಿ ಮಂಜುಶ್ರೀ ಜೊತೆ ಪೂಜೆಗೆ ಕೂರಲು ನಾನು ಅವರ ಮನೆಗೆ ಹೋಗುತ್ತೇನೆ. ಪೂಜೆ ಮುಗಿದ ಮೇಲೆ ಅವಳು ಚಹಾಕ್ಕಿಡುವಾಗ ಗ್ಯಾರೇಜಿನ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕುಳಿತಿರುತ್ತೇನೆ. ಏನೂ ಕೇಳದೆ ಕುಳಿತರೆ ಅವರು ತಾವಾಗಿಯೇ ಮಾತಾಡುತ್ತಾರೆ.

ಪೆಟ್ಟಿಗೆ ಬೇಗ ಎದ್ದು ನಿಂತಿತು. ಬಟನ್ನುಗಳನ್ನು ಎಲ್ಲಿ ಕೂರಿಸಬೇಕೆಂಬುದು ಮಾತ್ರ ತೀರ್ಮಾನವಾಗುತ್ತಿರಲಿಲ್ಲ. ಮರಕ್ಕೆ ಒಮ್ಮೆ ತೂತು ಕೊರೆದರೆ ಮುಗಿಯಿತು. ಅದಕ್ಕೆ ಅವರು ಮೊದಲು ರಟ್ಟು ಕತ್ತರಿಸಿ ನೋಡುತ್ತಿದ್ದರು. ರಟ್ಟಿನ ಮೇಲೆ ಕೈಯನ್ನು ಸಡಿಲವಾಗಿ ಇಟ್ಟು, ಬೆರಳುಗಳು ತಾವಾಗಿ ಎಲ್ಲಿ ಬೀಳುತ್ತವೋ ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡುವುದು. ನಡುಬೆರಳಿನದು ತುಸು ಮೇಲೆ, ಉಂಗುರಬೆರಳಿನದು ತುಸು ಕೆಳಗೆ. ಮರುವಾರಕ್ಕೆ ಮತ್ತೊಂದು ರಟ್ಟು.

ಎಷ್ಟು ಬದಲಾಯಿಸಿದರೂ ಒಂದು ಮಾತ್ರ ಬದಲಾಗುತ್ತಿರಲಿಲ್ಲ. ಸ್ಟಿಕ್ಕು ಹಲಗೆಯ ಎಡತುದಿಗೆ, ಬಟನ್ನುಗಳು ಬಲತುದಿಗೆ. ನಡುವೆ ಒಬ್ಬ ಮನುಷ್ಯ ಅಡ್ಡ ಮಲಗುವಷ್ಟು ಖಾಲಿ.

ಮಗಳು ಶ್ರೇಯಾ ಫೋನಿನಲ್ಲಿ, ಸ್ಟಿಕ್ಕು ಬಟನ್ನು ಅಕ್ಕಪಕ್ಕದಲ್ಲೇ ಇರುವ ಬೇರೆಯವರ ಪೆಟ್ಟಿಗೆಗಳ ಚಿತ್ರ ತೋರಿಸಿ, "ಅಪ್ಪಾ, ನೋಬಡಿ ಡಸ್ ದಿಸ್!" ಎಂದಳು.

ಮಂಜುಶ್ರೀ ಬಾಗಿಲಲ್ಲೇ ನಿಂತು, "ಇದನ್ನ ಆಡಾಕ ರಾವಣನ್ನ ಕರಸಬೇಕ ನೋಡ್ರಿ. ಅವಗಾದ್ರ ಇಪ್ಪತ್ತು ಕೈ ಅದಾವು," ಎಂದು ನಕ್ಕಳು.

ಅವರಿಬ್ಬರೂ ಒಳಗೆ ಹೋದ ಮೇಲೆ ಸಿದ್ಧಲಿಂಗೇಶ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಹೇಳಿದರು.

"ಅಂಗಡ್ಯಾಗ ಒಂದು ಬಿಲ್ಲೆಗೆ ಒಂದಾಟ, ಅಕ್ಕಾರ. ನಮ್ಮ ಕಡೆ ಒಂದ ಬಿಲ್ಲೆ. ನಾನು ಸ್ಟಿಕ್ ಹಿಡೀತಿದ್ದೆ, ನಮ್ಮ ಸೋಮು ಬಟನ್ ಒತ್ತತಿದ್ದ. ಇಬ್ಬರೂ ಸೇರಿ ಒಬ್ಬ ಆಟಗಾರ. ಅಂಗಡಿ ಶೇಖಪ್ಪ ಬೈತಿದ್ದ, ‘ಒಂದ ಬಿಲ್ಲೆಕ ಇಬ್ಬರೇನ್ರಲೇ? ಇನ್ನ ನಿಮ್ಮವ್ವನ್ನೂ ಕರ್ಕೊಂಡ ಬರ್ರಿ!’ ಅಂತ." ರಟ್ಟನ್ನು ಸರಿಮಾಡಿ, "ಈಗ ಇಬ್ಬರೂ ದಪ್ಪ ಆಗೀವಿ. ಅದಕ್ಕ ಜಾಗ ಜಾಸ್ತಿ ಬಿಟ್ಟೀನಿ," ಎಂದರು.

ತಮ್ಮ ಸೋಮನಾಥ ಇರುವುದು ಡೆಲ್ ಮಾರ್ ಹತ್ತಿರ. ಬೆಳಿಗ್ಗೆ ಹೊರಟರೆ ಊಟಕ್ಕೆ ಮುಂಚೆ ತಲುಪಬಹುದಾದ ದೂರ. ಆದರೆ ಎರಡು ಸಾವಿರದ ಇಪ್ಪತ್ತರಿಂದ ಅವನು ಅಣ್ಣನ ಮನೆಗೆ ಬಂದಿರಲಿಲ್ಲ, ಅಣ್ಣ ಮಾಡಿದರೆ ಫೋನನ್ನೂ ಎತ್ತುತ್ತಿರಲಿಲ್ಲ.

ಆ ವರ್ಷ ವಿಮಾನಗಳೆಲ್ಲ ನಿಂತಿದ್ದಾಗ ಹುಬ್ಬಳ್ಳಿಯಲ್ಲಿ ಅವರ ತಾಯಿ ತೀರಿಕೊಂಡರು. ಸುದ್ದಿ ಬಂದದ್ದು ಅಣ್ಣನಿಗೆ. ಮಾರನೆಯ ದಿನವೇ ತಮ್ಮನ ಪಿಎಚ್‌ಡಿಯ ಕೊನೆಯ ಪರೀಕ್ಷೆ, ಅದೂ ಕಂಪ್ಯೂಟರಿನ ಮುಂದೆ. ಎಷ್ಟೋ ವರ್ಷದ ದುಡಿಮೆ. ಪರೀಕ್ಷೆ ಮುಗಿಯುವ ತನಕ ಸೋಮುವಿಗೆ ಯಾರೂ ಹೇಳಬಾರದೆಂದು ಸಿದ್ಧಲಿಂಗೇಶ ಊರಿನವರಿಗೆಲ್ಲ ತಾಕೀತು ಮಾಡಿದರು. ಹಣೆತುಂಬ ವಿಭೂತಿ ಹಚ್ಚಿ, ಹೂವಿನ ನಡುವೆ ಕೂರಿಸಿದ್ದ ತಾಯಿಯನ್ನು ಫೋನಿನಲ್ಲಿ ಅವರೊಬ್ಬರೇ ನೋಡಿದರು.

ಮರುದಿನ ತಮ್ಮನೇ ಫೋನ್ ಮಾಡಿದ. "ಅಣ್ಣಾ, ಪಾಸಾತು! ಅವ್ವ ಯಾಕೋ ಫೋನ್ ಎತ್ತವಲ್ಲಳು. ಮೊದಲ ಆಕಿಗೆ ಹೇಳಬೇಕು."

ಆ ಹೊತ್ತಿಗೆ ಮಣ್ಣು ಕೊಟ್ಟಾಗಿತ್ತು.

ಪರೀಕ್ಷೆ ಇರುವವರಿಗೆ ಸಾವಿನ ಸುದ್ದಿ ಮುಚ್ಚಿಡುವುದನ್ನು ನಾನೂ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅದನ್ನು ಪ್ರೀತಿಯೆಂದೇ ತಿಳಿದಿದ್ದೆ.

ಮೂರನೆಯ ವರ್ಷ ತಾಯಿಯ ಪುಣ್ಯಸ್ಮರಣೆಗೆ ಮಂಜುಶ್ರೀ ಹಟ ಹಿಡಿದು ಮೈದುನನನ್ನು ಕರೆದಳು. ಬರುತ್ತೇನೆ ಎಂದ. ಆ ವಾರವೇ ಸಿದ್ಧಲಿಂಗೇಶ ರಟ್ಟು ಬದಿಗಿಟ್ಟು ಮರಕ್ಕೆ ತೂತು ಕೊರೆದರು. ನಮ್ಮ ದೇಶದವರ ಅಂಗಡಿಗಳಿರುವ ಆರ್ಟೀಸಿಯಾಕ್ಕೆ ಹೋಗಿ ಪೇಡೆ ತಂದರು. "ಧಾರವಾಡದ್ದಲ್ಲ, ಆದ್ರೂ ನಡೀತದ," ಎಂದು ನನಗೊಂದು ಕೊಟ್ಟು ರುಚಿ ನೋಡಲು ಹೇಳಿದರು. ಅಷ್ಟು ಹಗುರವಾದ ಮುಖವನ್ನು ನಾನು ಅವರಲ್ಲಿ ಮೊದಲು ಕಂಡಿರಲಿಲ್ಲ.

ಸೋಮನಾಥ ಬಂದ. ತಾಯಿಯ ಫೋಟೋದ ಮುಂದೆ ಬಹಳ ಹೊತ್ತು ಕೈಮುಗಿದು ನಿಂತ. ಆಮೇಲೆ ಅಣ್ಣ ಅವನನ್ನು ಗ್ಯಾರೇಜಿಗೆ ಕರೆದೊಯ್ದರು. ಊಟಕ್ಕೆ ಕರೆಯಲೆಂದು ನಾನು ಹೋದಾಗ ಇಬ್ಬರೂ ಹಲಗೆಯ ಮುಂದೆ ನಿಂತಿದ್ದರು, ಅಣ್ಣ ಎಡಕ್ಕೆ, ತಮ್ಮ ಬಲಕ್ಕೆ.

"ಮುಂದ ಹೋಗಣ್ಣಾ, ಮುಂದ!"

"ನೀ ಹಾರು ಮೊದಲ! ಹಾರಂದ್ರ ಹೊಡಿತೀಯಲ್ಲೋ, ಮಬ್ಬ!"

ಸೋಮನಾಥ ನಕ್ಕ. ಅಣ್ಣನೂ ನಕ್ಕರು. ಪರದೆಯ ಮೇಲಿನ ಪುಟ್ಟ ಮನುಷ್ಯ ಹಳ್ಳಕ್ಕೆ ಬಿದ್ದ, ಆಟ ನಿಂತಿತು. ಸೋಮನಾಥ ಬಟನ್ನುಗಳ ಮೇಲಿಂದ ಕೈ ತೆಗೆಯಲಿಲ್ಲ. ನಗು ಮಾತ್ರ ಹೋಗಿತ್ತು.

"ಆವಾಗೂ ಒಂದ ದಿನಾನೂ ಸ್ಟಿಕ್ ನನ್ನ ಕೈಗೆ ಕೊಡಲಿಲ್ಲ ನೀ."

"ನೀ ಸಣ್ಣಾಂವ ಇದ್ದಿ ಸೋಮು. ಅದು ಬಿಗಿ ಇತ್ತು."

"ಅವ್ವ ಹೋದಾಗ? ಆವಾಗೂ ಸಣ್ಣಾಂವನ ಇದ್ದೆನೇನು? ಪರೀಕ್ಷೆ ಬೇಕೋ ಅವ್ವನ್ನ ನೋಡತಿಯೋ ಅಂತ ಒಂದ ಮಾತು ಕೇಳಿದ್ರ ಸಾಕಿತ್ತು. ನಾನ ಹೇಳತಿದ್ದೆ."

"ನಿನ್ನ ಒಳ್ಳೇದಕ್ಕ..."

"ಗೊತ್ತದ ಅಣ್ಣಾ. ಅದಕ್ಕ ನಿನ್ನ ಬೈಯಾಕೂ ಬರವಲ್ದು ನನಗ."

ಊಟ ಆರುತ್ತಿದೆ ಎಂದು ಹೇಳುವುದಷ್ಟೇ ನನಗೆ ತೋಚಿತು. ಅತ್ತಿಗೆಯ ಒತ್ತಾಯಕ್ಕೆ ಅವನು ಅರ್ಧ ಹೋಳಿಗೆ ತಿಂದ. ಹೊರಡುವಾಗ ಬಗ್ಗಿ ಅಣ್ಣನ ಕಾಲು ಮುಟ್ಟಿದ. ಎಲ್ಲ ಸರಿಹೋಯಿತೆಂದು ನಾನು ಮನಸ್ಸಿನಲ್ಲೇ ಶಿವನಿಗೆ ಕೈಮುಗಿದೆ. ಪೇಡೆಯ ಡಬ್ಬಿ ಮೇಜಿನ ಮೇಲೆಯೇ ಉಳಿದಿತ್ತು. ಸಿದ್ಧಲಿಂಗೇಶ ಅದನ್ನು ಹಿಡಿದು ಹೊರಗೆ ಓಡುವಷ್ಟರಲ್ಲಿ ಕಾರು ಬೀದಿಯ ಇಳಿಜಾರು ದಾಟಿತ್ತು.

ಅವನು ಮತ್ತೆ ಬಂದಿಲ್ಲ. ಅಣ್ಣ ಮಾಡಿದರೆ ಫೋನ್ ಮೊದಲಿನಂತೆಯೇ ಸುಮ್ಮನೆ ಹೊಡೆದುಕೊಳ್ಳುತ್ತದೆ.

ಕೆಲವು ವಾರಗಳ ಮೇಲೆ ಒಂದು ಸೋಮವಾರ ಹೋದಾಗ ಆ ಹಲಗೆ ಕಸದ ತೊಟ್ಟಿಯ ಪಕ್ಕದಲ್ಲಿತ್ತು. ಪೆಟ್ಟಿಗೆಗೆ ಹೊಸ ಹಲಗೆ ಬಂದಿತ್ತು. ಈ ಸಲ ರಟ್ಟಿನ ಪರೀಕ್ಷೆಯೇ ಇರಲಿಲ್ಲ. ಸ್ಟಿಕ್ಕು ಬಲತುದಿಗೆ ಬಂದಿತ್ತು, ಸೋಮನಾಥ ನಿಂತಿದ್ದ ಕಡೆಗೆ. ಬಟನ್ನುಗಳು ಎಡಕ್ಕೆ, ಸಿದ್ಧಲಿಂಗೇಶ ನಿಲ್ಲುವ ಕಡೆಗೆ. ನಡುವಿನ ಜಾಗ ಮಾತ್ರ ಹಾಗೆಯೇ ಇತ್ತು. ಈ ಹೊಸ ಹಲಗೆಯ ಫೋಟೋವನ್ನು ಸೋಮನಾಥನಿಗೆ ಕಳಿಸಿದ್ದರಂತೆ. ನೋಡಿದ್ದಾನೆ, ಉತ್ತರ ಬರೆದಿಲ್ಲ.

ಈಗ ಸೋಮವಾರಗಳಲ್ಲಿ ಅವರು ಬಟನ್ ಒತ್ತುವುದನ್ನು ಕಲಿಯುತ್ತಾರೆ. ಪರದೆಯ ಮೇಲಿನ ಮನುಷ್ಯ ನಿಂತಲ್ಲೇ ಹಾರುತ್ತಾನೆ, ಗಾಳಿಗೆ ಗುದ್ದುತ್ತಾನೆ. ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ವೈರಿಗಳು ಬಂದು ಕೆಡವುತ್ತಾರೆ.

ಒಂದು ದಿನ ನೋಡಲಾರದೆ ಎದ್ದು, "ಸಿದ್ಧಲಿಂಗೇಶ್, ಸ್ಟಿಕ್ ನಾನು ಹಿಡ್ಕೊಳ್ಲಾ? ಸ್ವಲ್ಪ ಮುಂದಾದ್ರೂ ಹೋಗ್ಲಿ," ಎಂದು ಕೈ ಚಾಚಿದೆ.

"ಬ್ಯಾಡ್ರಿ ಅಕ್ಕಾರ," ಎಂದರು, ಪರದೆಯಿಂದ ಕಣ್ಣು ತೆಗೆಯದೆ. "ಅದು ಸೋಮುಂದು."

ಕೈ ಹಿಂದಕ್ಕೆ ತೆಗೆದುಕೊಂಡೆ. ಪುಟ್ಟ ಮನುಷ್ಯ ಮತ್ತೆ ಎದ್ದು ನಿಂತ. ಅವರು ಬಟನ್ ಒತ್ತಿದರು. ಅವನು ನಿಂತಲ್ಲೇ ಹಾರಿದ.