ಆರು ಹಲ್ಲಿನ ಮೇಷ್ಟ್ರು

ಹೋಟೆಲಿಗೆ ಹೊಸದಾಗಿ ಸೇರಿದವರಿಗೆ ಅತಿಥಿಸತ್ಕಾರದ ಓನಾಮ ಕಲಿಸುವ ಮೇಷ್ಟ್ರಿಗೆ ಬೆನ್ನ ಹಿಂದೆ ಎಲ್ಲರೂ ಇಟ್ಟ ಹೆಸರು ‘ಆರು ಹಲ್ಲು’. ನಕ್ಕರೆ ಮೇಲಿನ ಸಾಲಿನ ಆರು ಹಲ್ಲು ಮಾತ್ರ ಕಾಣಬೇಕು ಎಂಬುದು ಅವರ ವೇದವಾಕ್ಯ. “ನಾಲ್ಕು ಕಂಡ್ರೆ ಜಿಪುಣ, ಎಂಟು ಕಂಡ್ರೆ ಕೋತಿ” ಎನ್ನುತ್ತ, ಸಂತೆಯಲ್ಲಿ ಎತ್ತು ಕೊಳ್ಳುವವರ ಹಾಗೆ ಒಬ್ಬೊಬ್ಬರ ಬಾಯಿಯನ್ನೂ ಬಗ್ಗಿ ನೋಡುತ್ತಾರೆ. ಅತಿಥಿ ಬೈದರೂ ನಗಬೇಕು, ಮೈಮೇಲೆ ಸೂಪು ಚೆಲ್ಲಿದರೂ ನಗಬೇಕು. ಕೈ ಸುಟ್ಟುಕೊಂಡು ಓಡಿಬಂದವಳಿಗೆ “ಮೊದ್ಲು ಮುಖ ಸರಿ ಮಾಡ್ಕೊಳಮ್ಮ, ಕೈ ಆಮೇಲೆ ನೋಡೋಣ” ಎಂದ ಪುಣ್ಯಾತ್ಮ ಈತ. ಇವರ ಲೆಕ್ಕದಲ್ಲಿ ರೂಮಿಗೆ ಬಾಡಿಗೆ ಕೊಟ್ಟವನು ಮನುಷ್ಯ, ಮಿಕ್ಕವರೆಲ್ಲ ಮೇಜು ಕುರ್ಚಿ. ಮನೆಯಲ್ಲೂ ಅಷ್ಟೇ: ಹೆಂಡತಿ ಕಾಫಿ ತಂದಿಟ್ಟರೆ “ನಿಮ್ಮ ಸೇವೆಗೆ ಧನ್ಯವಾದ” ಎನ್ನುತ್ತಾರೆ. “ನಾನೇನು ನಿಮ್ಮ ಹೋಟೆಲಿನವಳಾ?” ಎಂದು ಆಕೆ ಹಣೆ ಚಚ್ಚಿಕೊಳ್ಳುತ್ತಾಳೆ. ತಾಯಿಯಿಲ್ಲದ ಮೇಷ್ಟ್ರನ್ನು ಎತ್ತಿ ಆಡಿಸಿ ಸಾಕಿದ ಅಕ್ಕ ಮೊನ್ನೆ ತೀರಿಕೊಂಡಳು. ಅವತ್ತೂ ಇವರು ಬಾಗಿಲಲ್ಲಿ ನೆಟ್ಟಗೆ ನಿಂತು, ಹೆಣದ ಮುಖ ನೋಡಿ ಹೊರಟವರಿಗೆಲ್ಲ ಆರು ಹಲ್ಲು ಬಿಟ್ಟು ಕೈಮುಗಿಯುತ್ತಿದ್ದರು: “ಬಂದಿದ್ದು ಬಹಳ ಸಂತೋಷ, ಮತ್ತೆ ಬನ್ನಿ.” ಸಾವಿನ ಮನೆಯಲ್ಲಿ ಮತ್ತೆ ಬನ್ನಿ ಎನ್ನುವವರುಂಟೇ! ನಾಚಿಕೆಯಿಂದ ಕುಗ್ಗಿಹೋದ ಹೆಂಡತಿ ಓಡಿಬಂದು ತೋಳು ಜಗ್ಗಿದಳು. “ರೀ, ಬಾಯಿ ಮುಚ್ಚಿ, ಜನ ಏನಂದ್ಕೊಂಡಾರು!” ಹತ್ತಿರದಿಂದ ನೋಡಿದಾಗಲೇ ಅವಳಿಗೆ ಗೊತ್ತಾದದ್ದು, ಕಣ್ಣೀರು ಕೆನ್ನೆಯಿಂದ ಇಳಿದು ಆ ಹಲ್ಲುಗಳನ್ನೇ ತೋಯಿಸುತ್ತಿತ್ತು. “ಮುಚ್ಚೋಕೆ ಬರ್ತಿಲ್ಲ ಕಣೇ,” ಎಂದರು ಮೇಷ್ಟ್ರು.