ಹಾರ್ನಕ್ಕನ ಒಪ್ಪಿಗೆ

ಈ ಜನಕ್ಕೆ ಬಾಯಿಬಿಟ್ಟು ಮಾತಾಡುವುದಕ್ಕೆ ಏನು ರೋಗ ಬಂದಿದೆಯೋ ಎಂದು ಹಾರ್ನಕ್ಕ ಬಹಳ ದಿನಗಳಿಂದ ಬೈಯುತ್ತಿದ್ದಳು. ಗಿರಾಕಿಗಳು ಗೊಣಗುತ್ತಾರೆ, ಫೋನು ಮಾಡಿದವರು ಅರ್ಧ ಮಾತು ನುಂಗುತ್ತಾರೆ, ಟಿವಿಯಲ್ಲಿ ಸುದ್ದಿ ಓದುವವಳಂತೂ ಸಂಬಳ ತಗೊಂಡು ಪಿಸುಗುಟ್ಟುತ್ತಾಳೆ. ಸಿಟ್ಟು ಮೊದಲಿಂದಲೂ ಅವಳ ಮೂಗಿನ ತುದಿಯಲ್ಲೇ ಇತ್ತು ಬಿಡಿ. ಈಗೀಗ ಅಲ್ಲೇ ಮನೆ ಮಾಡಿಕೊಂಡಿತ್ತು.

ಹಳೇ ಕಾರುಗಳ ವೈರಿಂಗ್ ಮಾಡುವ ಶೆಡ್ಡು ಅವಳದು. ಅಪ್ಪ ತೀರಿಕೊಂಡಾಗ ಓದು ಬಿಟ್ಟು ಸ್ಕ್ರೂಡ್ರೈವರ್ ಹಿಡಿದವಳು. ತಮ್ಮನನ್ನು ಶಾಲೆಗೆ ಕಳಿಸಿದಳು. ಅವನಿಗೆ ವಿದ್ಯೆ ಹತ್ತಲಿಲ್ಲವೆಂದು ಖಾತ್ರಿಯಾದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದಳು. ಆ ತಮ್ಮನ ತಲೆಯೂ ಈಗ ನರೆತಿದೆ. ಡೈನಮೊ, ದೀಪ, ವೈಪರ್ ಎಲ್ಲ ಅವನ ಪಾಲಿಗೆ ಬಿಟ್ಟಿದ್ದಳು, ಹಾರ್ನ್ ಒಂದನ್ನು ಬಿಟ್ಟು. ಹಿಂಬದಿಯ ಸ್ಕ್ರೂ ತಿರುಗಿಸಿ ಸದ್ದನ್ನು ಹದಕ್ಕೆ ತಂದು, ಸ್ಕ್ರೂ ಅಲುಗದಂತೆ ಮೇಲೊಂದು ತೊಟ್ಟು ಕೆಂಪು ಉಗುರುಬಣ್ಣ ಹಚ್ಚಿ ಅವಳು “ಸರಿ” ಅನ್ನಬೇಕು. ಅಲ್ಲಿಯವರೆಗೆ ಗಾಡಿ ಹೊಸಿಲು ದಾಟುವಂತಿರಲಿಲ್ಲ. ಒಮ್ಮೆ ಕೋರ್ಟಿಗೆ ಹೊತ್ತಾಯಿತೆಂದು ಕುಣಿದಾಡಿದ ವಕೀಲರನ್ನೇ ಹಾರ್ನಕ್ಕ ಬೆಂಚಿನ ಮೇಲೆ ಕೂರಿಸಿದ್ದಳು. ಅವಳಿಗೆ ಬೇರೆ ಆಸ್ತಿ ಇರಲಿಲ್ಲ, ಈ ಒಂದು ಮಾತೇ ಆಸ್ತಿ.

ಅಂಥ ಶೆಡ್ಡಿಗೆ ನಿವೃತ್ತ ಹಲ್ಲಿನ ಡಾಕ್ಟರೊಬ್ಬರು ತಮ್ಮ ಹಳೇ ಕಾರು ತಂದರು. ದುಂಡು ದೀಪ, ಉಬ್ಬಿದ ಮಡ್‌ಗಾರ್ಡು, ಕೆನೆ ಬಣ್ಣ. ಹಾರ್ನ್ ಒತ್ತಿದರೆ ಮಾತ್ರ ಬರೀ ಕೆಮ್ಮು.

“ಮೊನ್ನೆ ಲಾರಿಯವನು ರಿವರ್ಸ್ ಬಂದು ಬಂಪರ್ ಜಜ್ಜಿಬಿಟ್ಟ ಕಣಮ್ಮ. ನಾನು ಒತ್ತಿದ್ದೇ ಒತ್ತಿದ್ದು, ಅವನಿಗೆ ಕೇಳಿಸ್ಲೇ ಇಲ್ಲ. ಇದನ್ನ ರಿಪೇರಿ ಮಾಡಿ, ಜೊತೆಗೆ ಇನ್ನೊಂದು ಹಾಕಿಬಿಡಿ. ಹಳೇದನ್ನ ಮಾತ್ರ ಕಿತ್ತು ಬಿಸಾಡ್ಬೇಡಿ.”

“ಕಿತ್ತು ಬಿಸಾಡೋಕೆ ಇದೇನು ಹಲ್ಲಾ, ಡಾಕ್ಟ್ರೇ?” ಎಂದಳು ಹಾರ್ನಕ್ಕ.

ಅವಳು ಹಳೇ ಹಾರ್ನನ್ನು ಬಿಚ್ಚಿ, ಒಳಗೆ ಕರಕಲಾಗಿದ್ದ ಪಾಯಿಂಟುಗಳನ್ನು ನುಣುಪು ಉಪ್ಪುಕಾಗದದಿಂದ ಉಜ್ಜಿದಳು. ಅಷ್ಟೂ ಕರೆಂಟು ಸ್ಟಿಯರಿಂಗ್ ಮೇಲಿನ ಗುಂಡಿಯನ್ನೇ ಹಾದು ಬರುತ್ತಿತ್ತು, ಅದಕ್ಕೇ ಗುಂಡಿಯೂ ಸುಟ್ಟಿತ್ತು. ಗುಂಡಿಯ ಮೇಲಿನ ಹೊರೆ ಇಳಿಸಲು ನಡುವೆ ಒಂದು ರಿಲೇ ಕೂರಿಸಿ, ಬ್ಯಾಟರಿಯಿಂದ ಹಾರ್ನಿಗೆ ದಪ್ಪ ವೈರು ಎಳೆದಳು. ಹಳೇ ಹಾರ್ನಿನದು ದಪ್ಪ ದನಿ. ಅದರ ಪಕ್ಕಕ್ಕೆ ಸಣ್ಣ ಕೀರಲು ದನಿಯ ಹೊಸದೊಂದನ್ನು ಬಿಗಿದಳು. ಹಳೇದು ಎರಡು ತಿರುವಿಗೆ ಹದಕ್ಕೆ ಬಂತು. ಹೊಸದು ಮಾತ್ರ ಬಾಯೇ ಬಿಡಲಿಲ್ಲ. ಈಗಿನ ಮಾಲೇ ಹೀಗೆ ಎಂದು ಶಪಿಸುತ್ತ, ಅದು ಕೇಳಿಸುವವರೆಗೂ ತಿರುಗಿಸಿ, ಬಣ್ಣ ಹಚ್ಚಿ, ಸರಿ ಎಂದು ಊಟಕ್ಕೆ ಹೋದಳು. ತಮ್ಮ ಶೆಡ್ಡಿನಲ್ಲೇ ಉಳಿದ.

ಮರುದಿನ ಬಾನೆಟ್ ಎತ್ತಿದರೆ ಹೊಸ ಹಾರ್ನಿನ ಮೇಲೆ ಅವಳ ದುಂಡನೆಯ ತೊಟ್ಟು ಇರಲಿಲ್ಲ. ಗೋಡೆಗೆ ಸುಣ್ಣ ಬಳಿದ ಹಾಗೆ ಬಣ್ಣ ಆಚೀಚೆ ಹರಡಿತ್ತು. ಯಾರೋ ಸ್ಕ್ರೂ ತಿರುಗಿಸಿ ಮತ್ತೆ ಹಚ್ಚಿದ್ದರು. ಅನುಮಾನ ಬಂದು ಪಕ್ಕದಲ್ಲಿ ನಿಂತಿದ್ದ ಜೀಪಿನ ಬಾನೆಟ್ಟನ್ನೂ ಎತ್ತಿದಳು. ಅಲ್ಲೂ ಬಣ್ಣ ಹಾಗೇ ಹರಡಿತ್ತು.

“ಯಾರೋ ಇದನ್ನ ಮುಟ್ಟಿದ್ದು?”

“ಸ್ವಲ್ಪ ಸಡಿಲ ಇತ್ತು ಅಕ್ಕ,” ಎಂದ ತಮ್ಮ, ಇಕ್ಕಳವನ್ನು ಒರೆಸುತ್ತ.

“ನಾನು ಬಿಗಿ ಮಾಡಿದ್ದು ಸಡಿಲ ಆಗುತ್ತಾ? ಕೂಸಿದ್ದಾಗ ನಿನ್ನ ಮೂಗು ಒರೆಸಿದೋಳು ನಾನು. ನನ್ನ ಕೆಲಸ ತಿದ್ದೋಷ್ಟು ದೊಡ್ಡೋನಾದ್ಯಾ?”

ಉಂಡ ಮನೆಗೆ ಎರಡು ಬಗೆಯುವವನು ಎಂದಳು, ಬೆಳೆಸಿದ ಕೈಯನ್ನೇ ಕಚ್ಚುವವನು ಎಂದಳು. ಬಣ್ಣ ಕೆರೆದು, ಸ್ಕ್ರೂವನ್ನು ಮತ್ತೆ ತನ್ನ ಹದಕ್ಕೇ ತಂದಳು. ಅಷ್ಟರಲ್ಲಿ ಡಾಕ್ಟರು ಬಂದರು. ಅವರ ಎದುರೇ ಇತ್ಯರ್ಥವಾಗಲಿ ಎಂದು ಕಾರಿನೊಳಗೆ ಕೈ ಚಾಚಿ ಗುಂಡಿ ಒತ್ತಿದಳು.

ಅವಳಿಗೆ ಕೇಳಿಸಿದ್ದು ಗಂಭೀರವಾದ ದಪ್ಪ ದನಿ, ಅದರ ಬೆನ್ನಿಗೆ ಎಳೆಯಷ್ಟು ಸಣ್ಣದು. ಎಷ್ಟು ಹಿತವಾಗಿದೆ ಎಂದುಕೊಂಡು ತಲೆಯೆತ್ತಿದಳು. ಡಾಕ್ಟರು ಎರಡೂ ಕಿವಿ ಮುಚ್ಚಿಕೊಂಡಿದ್ದರು. ಎದುರಂಗಡಿಯ ದರ್ಜಿ ಟೇಪು ಕೊರಳಲ್ಲೇ ಇಟ್ಟುಕೊಂಡು ಬೀದಿಗೆ ಓಡಿಬಂದಿದ್ದ.

“ಯಾಕೆ, ಏನಾಯ್ತು ನಿಮಗೆಲ್ಲ?”

“ಸಣ್ಣದು ಕಿವಿ ಹರಿಯೋ ಹಾಗೆ ಕಿರುಚ್ತಿದೆಯಲ್ಲಮ್ಮ!” ಎಂದು ಡಾಕ್ಟರು ಕೂಗಿದರು.

ತಮ್ಮ ನೆಲ ನೋಡುತ್ತಿದ್ದ. ಅವನ ಮುಖ ನೋಡಿದ ಕೂಡಲೇ ಅವಳಿಗೆ ಎಲ್ಲ ಅರ್ಥವಾಯಿತು. ಗೊಣಗುವ ಗಿರಾಕಿಗಳು, ಪಿಸುಗುಟ್ಟುವ ಸುದ್ದಿಯವಳು, ಬಾಯಿ ಬಿಡದ ಹೊಸ ಮಾಲು, ಎಲ್ಲ.

“ಎಷ್ಟು ದಿನದಿಂದ?”

“ಒಂದು ವರ್ಷ ಆಗಿರ್ಬೇಕು. ದಪ್ಪದ್ದು ಚೆನ್ನಾಗೇ ಮಾಡ್ತೀಯ ಅಕ್ಕ. ಸಣ್ಣದ್ದು ಮಾತ್ರ... ನೀನು ಊಟಕ್ಕೆ ಹೋದಾಗ ನಾನು ಸರಿ ಮಾಡಿಡ್ತಿದ್ದೆ. ನಿನ್ನ ಕೈಯಿಂದ ಅದನ್ನ ಕಿತ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ.”

ಕನಿಕರ ದೊಡ್ಡ ಗುಣವಂತೆ. ಅದನ್ನು ಹೇಳಿದವರು ತಾವೆಂದೂ ಇನ್ನೊಬ್ಬರ ಕನಿಕರಕ್ಕೆ ಸಿಕ್ಕಿಕೊಂಡಿರಲಿಕ್ಕಿಲ್ಲ. ವರ್ಷವಿಡೀ ಹಾರ್ನಕ್ಕ ಸರಿ ಎಂದಿದ್ದಾಳೆ, ಗಾಡಿಗಳು ಹೋಗಿವೆ, ಅವಳ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲವೆಂದು ತಮ್ಮನಿಗೊಬ್ಬನಿಗೆ ಗೊತ್ತು. ಆಟವಾಡುವ ಮಗುವಿನ ಕೈಗೆ ಮುರುಕು ಸ್ಟಿಯರಿಂಗ್ ಕೊಟ್ಟು ಕೂರಿಸಿದ ಹಾಗೆ ಅವಳನ್ನು ಕೂರಿಸಿದ್ದ. ಅವಳ ಮೈಯೆಲ್ಲ ಉರಿದುಹೋಯಿತು.

“ಕಿತ್ಕೊಳ್ಲಿಲ್ವಾ? ಕಿತ್ಕೊಂಡಿದ್ದೀಯಲ್ಲೋ! ಕೇಳಿ ತಗೊಂಡಿದ್ರೆ ಎರಡು ದಿನ ಬೈದು ಮೂರನೇ ದಿನ ಕೊಡ್ತಿದ್ದೆ. ಕದ್ದೆಯಲ್ಲೋ, ಮಾನಗೇಡಿ!”

ಅವನು ಅತ್ತ. ಅಳುವುದು ಅವನಿಗೆ ಮೊದಲಿಂದಲೂ ಸಲೀಸು, ಅದಕ್ಕೂ ಅವಳಿಗೆ ಸಿಟ್ಟು ಬಂತು. ಸ್ಕ್ರೂಡ್ರೈವರನ್ನು ಅವನ ಅಂಗೈಗೆ ತುರುಕಿದಳು.

“ಮಾಡು. ನನ್ನ ಕಣ್ಣೆದುರು ಮಾಡು.”

ಅವನು ಬಗ್ಗಿ ಸ್ಕ್ರೂ ಸಡಿಲಿಸಿದ. ಡಾಕ್ಟರು ಒತ್ತಿದರು. ಹಳೇದು ಗುಂಯ್ಯೆಂದಿತು. ಅದರ ಬೆನ್ನಿಗೆ ಅವಳಿಗೆ ಏನೂ ಕೇಳಿಸಲಿಲ್ಲ. ಡಾಕ್ಟರ ಮುಖ ಮಾತ್ರ ಅರಳಿತು. ರೂಢಿಯಂತೆ ಎಲ್ಲರೂ ಅವಳ ಕಡೆ ತಿರುಗಿದರು.

“ನನ್ನೇನು ನೋಡ್ತೀರಿ? ಅವನು ಹೇಳ್ಲಿ.”

ತಮ್ಮನ ತುಟಿ ಅಲುಗಿತು, ಅಷ್ಟೆ.

“ಜೋರಾಗಿ ಹೇಳೋ,” ಎಂದು ಬೀದಿಗೆಲ್ಲ ಕೇಳುವಂತೆ ಹಾರ್ನಕ್ಕ ಕೂಗಿದಳು. “ನಂಗೆ ಕಿವಿ ಕೇಳ್ಸಲ್ಲ!”