ಹುಚ್ಚರಾಯಪ್ಪನ ಸೌತೆಕಾಯಿ ಕಡುಬು

ಹುಚ್ಚರಾಯಪ್ಪನ ವಿಷಯ ಹೇಳಬೇಕೆಂದರೆ ಅವನು ಮಾತಾಡುವುದಿಲ್ಲ ಎಂಬುದನ್ನು ಮೊದಲು ಹೇಳಬೇಕು. ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ, ಅದೂ ಎತ್ತಿಗೆ ನೀರು ಕುಡಿಸಿ ಬಂದ ಮೇಲೆ. ಮಗಳು ಹನುಮಮ್ಮನಿಗೆ ಚಂದ್ರಗುತ್ತಿಯಲ್ಲಿ ಗಂಡು ಗೊತ್ತಾದಾಗ ಊರಿಗೆಲ್ಲ ಸುದ್ದಿ ಹೇಳಿದ್ದು ಅವನ ಹೆಂಡತಿ ದುರುಗಮ್ಮ. ಮದುವೆ ದಿನ ಇವನು ಬಂದವರಿಗೆ "ಬರ್ರಿ" ಅಂದ, ಹೊರಟವರಿಗೆ "ಹೋಗಿಬರ್ರಿ" ಅಂದ. ಅಲ್ಲಿಗೆ ಅವನ ಆ ವರ್ಷದ ಮಾತು ಮುಗಿಯಿತು.

ನನ್ನ ಕತೆ ಬೇರೆ. ಲೋಕಮ್ಮನ ಬಾಯಿಗೆ ಬಾಗಿಲಿಲ್ಲ ಅಂತ ಊರೇ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ನಾನು ಇದ್ದದ್ದು ಇದ್ದ ಹಾಗೆ ಹೇಳುವವಳು. ಎದ್ದು ಬಂದು ಎದೆಗೆ ಒದ್ದರೂ ಅಷ್ಟೇ.

ಶಿರಾಳಕೊಪ್ಪದಿಂದ ಉಡುತಡಿಗೆ ಹೋಗುವ ದಾರಿಯ ಪಕ್ಕದಲ್ಲಿ ನಮ್ಮ ಗದ್ದೆ, ಹುಚ್ಚರಾಯಪ್ಪನ ಗದ್ದೆ, ಉಚ್ಚಂಗಪ್ಪನ ಗದ್ದೆ ಮೂರೂ ಒಂದೇ ಬದುವಿಗೆ ಕೂಡುತ್ತವೆ. ಭೂಮಿ ಹುಣ್ಣಿಮೆಯ ದಿನ ಮೂರು ಮನೆಯವರೂ ಆ ಬದುವಿನ ಮೇಲೆ ಕೂತು ಉಣ್ಣುವುದು. ಭತ್ತ ಹೊಡೆ ತುಂಬಿದಾಗ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ಉಣಿಸಬೇಕಲ್ಲ. ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡಿಗೆ ಹೊತ್ತುಕೊಂಡು ಹೋಗಿ, ಮೊದಲು ಗದ್ದೆಗೆಲ್ಲ ಎರಚಿ, ಆಮೇಲೆ ನಾವು. ಅಲ್ಲಿಯವರೆಗೆ ಅದು ಮೀಸಲು ಅಡಿಗೆ, ಮಾಡಿದವರೂ ನಾಲಿಗೆಗೆ ಮುಟ್ಟಿಸುವ ಹಾಗಿಲ್ಲ. ನಮ್ಮ ಬದುವಿನಲ್ಲಿ ಇನ್ನೊಂದು ಪದ್ಧತಿಯೂ ಬೆಳೆದುಬಂದಿದೆ: ತಮ್ಮ ಬುಟ್ಟಿಯದನ್ನು ತಾವು ಉಣ್ಣುವುದಿಲ್ಲ, ಉಳಿದೆರಡು ಮನೆಯವರಿಗೆ ಬಡಿಸುವುದು. ನನ್ನದು ಬದನೆಕಾಯಿ ಎಣ್ಣೆಗಾಯಿ, ಉಚ್ಚಂಗಪ್ಪನ ಹೆಂಡತಿ ಗುಡ್ಡಮ್ಮನದು ಮೊಸರನ್ನ, ದುರುಗಮ್ಮನದು ಸೌತೆಕಾಯಿ ಕಡುಬು. ತುರಿದ ಸೌತೆಕಾಯಿಗೆ ಅಕ್ಕಿ ತರಿ, ಕಾಯಿ, ಹಸಿಮೆಣಸು ಕಲಸಿ ಬಾಳೆ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಿದ್ದಳು.

ಐವತ್ತೇಳನೇ ಇಸವಿಯ ಶ್ರಾವಣದಲ್ಲಿ ದುರುಗಮ್ಮನಿಗೆ ಜ್ವರ ಬಂತು. ಮೂರೇ ದಿನ, ಹೋಗಿಬಿಟ್ಟಳು. ನನಗೆ ಒಡಹುಟ್ಟಿದವಳು ಹೋದ ಹಾಗಾಯಿತು. ಆ ವರ್ಷ ಅವರ ಮನೆಯಲ್ಲಿ ಹಬ್ಬವಿಲ್ಲ. ಹುಚ್ಚರಾಯಪ್ಪ ಒಬ್ಬನೇ ಅನ್ನ ಬೇಯಿಸಿಕೊಂಡು, ಮಜ್ಜಿಗೆ ಹಾಕಿಕೊಂಡು, ಉಪ್ಪಿನಕಾಯಿ ನೆಂಚಿಕೊಂಡು ಉಣ್ಣುತ್ತಿದ್ದ. ನಾನು ಸಾರು ಕಳಿಸಿದರೆ ಪಾತ್ರೆ ತೊಳೆದು ವಾಪಸು ಕಳಿಸುತ್ತಿದ್ದ, ಸಾರನ್ನೂ ಬೇರೆ ಪಾತ್ರೆಯಲ್ಲಿ ಹಾಕಿ.

ಮರುವರ್ಷ ಭೂಮಿ ಹುಣ್ಣಿಮೆಗೆ ವಾರವಿದೆ ಅನ್ನುವಾಗ ನಮ್ಮ ಅಂಗಳಕ್ಕೆ ಬಂದು ನಿಂತ.

"ಮಗಳು ಚಂದ್ರಗುತ್ತಿಗೆ ಬಂದ್ಬಿಡು ಅಂತಾಳ. ಗದ್ದಿ ಗೇಣಿಗೆ ಕೇಳಾಕ ಜನಾನೂ ಬಂದಿದ್ರು. ನಾ ಏನಂದೆ ಅಂದ್ರ, ಈ ಹುಣ್ಣಿಮೀಗೆ ಕಡುಬು ನಾನ ಮಾಡ್ತೀನಿ, ಬುಟ್ಟಿ ನಾನ ಹೊರ್ತೀನಿ. ನಿಮ್ಮ ಜೊತಿ ಬದುವಿನ ಮ್ಯಾಲೆ ಮೊದ್ಲಿನಂಗ ಕುಂದ್ರಾಕಾದ್ರ ಇಲ್ಲೇ ಇರ್ತೀನಿ. ಆಗ್ಲಿಲ್ಲ ಅಂದ್ರ ಮುಗೀತು, ಹೋಗ್ತೀನಿ."

ಅವನ ಬಾಯಿಂದ ಅಷ್ಟು ಮಾತು ಒಟ್ಟಿಗೆ ಬಂದದ್ದನ್ನು ಕೇಳಿ ನಮ್ಮನೆಯವರು ಬೀಡಿ ಹಚ್ಚುವುದನ್ನೇ ಮರೆತರು. "ಕಡುಬು ನಾ ಮಾಡಿ ಕೊಡ್ತೀನಿ ಹುಚ್ಚರಾಯಣ್ಣ" ಅಂದೆ. "ಬ್ಯಾಡವ್ವ" ಅಂದ, ಹೋದ.

ಹಬ್ಬದ ಬೆಳಗ್ಗೆ ಗದ್ದೆಗೆ ಹೋಗುವ ದಾರಿಯಲ್ಲಿ ನಮ್ಮನೆಯವರು ನನಗೆ ಬುದ್ಧಿ ಹೇಳಿದರು. "ನೋಡೇ, ಕಡುಬು ಹೆಂಗಾರ ಇರ್ಲಿ. ಕಲ್ಲಿನಂಗಿದ್ರೂ ನುಂಗು. ನೀ ಬಾಯಿ ಬಿಟ್ಟಿ ಅಂದ್ರ ಅಂವ ಊರು ಬಿಡ್ತಾನ."

"ನಾ ಯಾಕ ಬಾಯಿ ಬಿಡ್ಲಿ?"

"ನಿನ್ನ ಕಟ್ಟಿಕೊಂಡು ಇಪ್ಪತ್ತು ವರ್ಷಾತು" ಅಂದರು.

ಹುಚ್ಚರಾಯಪ್ಪ ಬುಟ್ಟಿ ಹೊತ್ತು ಬಂದ. ಚಿತ್ತಾರ ತಾನೇ ಬರೆದಿದ್ದ. ಎತ್ತು ಅಂತ ಬರೆದದ್ದಕ್ಕೆ ಗಡ್ಡ ಬಂದಿತ್ತು. ಗದ್ದೆಗೆ ಎರಚಿ, ಕೈ ಮುಗಿದು, ಬದುವಿನ ಮೇಲೆ ಕೂತೆವು. ನಮ್ಮ ನಾಲ್ವರ ಎಲೆಗೂ ಅವನೇ ಎರಡೆರಡು ಕಡುಬು ಬಡಿಸಿದ. ತನ್ನ ಎಲೆಗೆ ನನ್ನ ಎಣ್ಣೆಗಾಯಿ, ಗುಡ್ಡಮ್ಮನ ಮೊಸರನ್ನ ಹಾಕಿಸಿಕೊಂಡು, ಮುಟ್ಟದೆ ನಮ್ಮ ಮುಖ ನೋಡುತ್ತ ಕೂತ.

ನಾನು ಕಡುಬು ಮುರಿದು ಬಾಯಿಗೆ ಹಾಕಿದೆ. ಉಪ್ಪಿಲ್ಲ. ಕಡಿಮೆ ಅಂತಲ್ಲ, ಹಾಕೇ ಇಲ್ಲ. ಸೌತೆಕಾಯಿ ಇತ್ತು, ಅಕ್ಕಿ ಇತ್ತು, ಖಾರವಂತೂ ಧಾರಾಳವಾಗಿತ್ತು.

ಉಚ್ಚಂಗಪ್ಪ ಊಟಕ್ಕೆ ಹೆಸರಾದ ಮನುಷ್ಯ. ಬಾಯಿಗೆ ಹಾಕಿದ ತುತ್ತನ್ನು ಎಡಗಡೆಯಿಂದ ಬಲಗಡೆಗೆ, ಬಲಗಡೆಯಿಂದ ಎಡಗಡೆಗೆ ಕಳಿಸಿ, ಕೊನೆಗೆ ಕಣ್ಣು ಮುಚ್ಚಿ ಒಳಗೆ ಬಿಟ್ಟ. "ಭೇಷ್" ಅಂದ. ಗುಡ್ಡಮ್ಮ "ದುರುಗಕ್ಕನ ಕೈಯೇ ಬಂದೈತಿ ನೋಡ್ರಿ" ಅಂದಳು. ನಮ್ಮನೆಯವರು ಇನ್ನೊಂದು ಹಾಕು ಅಂತ ಕೇಳಿಯೇಬಿಟ್ಟರು. ಪುಣ್ಯಾತ್ಮ! ಮೂವರೂ ಸತ್ಯ ಹರಿಶ್ಚಂದ್ರನ ವಂಶದವರ ಹಾಗೆ ಗಂಭೀರವಾಗಿ ಕೂತಿದ್ದರು. ನಾನು ಮಾತ್ರ ತಲೆ ತಗ್ಗಿಸಿಕೊಂಡು ನುಂಗುತ್ತಿದ್ದೆ.

ಹುಚ್ಚರಾಯಪ್ಪ ಎಲ್ಲರನ್ನೂ ಒಂದು ಸುತ್ತು ನೋಡಿದ. ಆಮೇಲೆ ಕೇಳಿದ:

"ಶಿರಾಳಕೊಪ್ಪದಿಂದ ಚಂದ್ರಗುತ್ತಿ ಕಡಿ ಬಸ್ಸು ಎಷ್ಟೊತ್ತಿಗೆ ಐತಿ?"

ನಮ್ಮನೆಯವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಯಾಕಪಾ? ಚಲೋ ಐತಿ ಅಂದ್ವಲ್ಲ!"

"ಅಂದ್ರಿ. ದುರುಗಿ ಹದಿನೆಂಟು ವರ್ಷ ಕಡುಬು ಮಾಡಿದ್ಲು. ಒಂದು ವರ್ಷನಾರ ಚಲೋ ಐತಿ ಅಂದಿದ್ರೇನು? ಒಮ್ಮೆ ಬೆಂದಿಲ್ಲ, ಒಮ್ಮೆ ಜಾಸ್ತಿ ಬೆಂತು, ಕಾಯಿ ಹಾಕಾಕ ಕೈ ಬರಾಂಗಿಲ್ಲ, ಒಂದಲ್ಲ ಒಂದು ಕೊಂಕು. ಇವತ್ತು ಬೀಗರ ಮನೀಗೆ ಬಂದೋರಂಗ ಉಂಡ್ರಿ. ನಂಗ ತಿಳೀತು. ನಾ ನಿಮಗ ಹೊರಗಿನಂವ ಆಗೀನಿ."

ಎದ್ದ. ಖಾಲಿ ಬುಟ್ಟಿಗೆ ಕೈ ಹಾಕಿದ. ನಮ್ಮನೆಯವರು ಕಾಲಿನಿಂದ ನನ್ನ ಕಾಲು ತುಳಿದರು, ಸುಮ್ಮನಿರು ಅಂತ. ತುಳಿದದ್ದೇ ತಪ್ಪಾಯಿತು.

"ಕುಂದ್ರೋ ಹುಚ್ಚರಾಯಣ್ಣ!" ಅಂದೆ. "ಉಪ್ಪು ಹಾಕೀಯೇನೋ ನಿನ್ನ ಕಡುಬಿಗೆ? ಇದನ್ನ ಎತ್ತಿನ ಮುಂದಿಟ್ರೂ ಮೂಸಿ ನೋಡಿ ಆ ಕಡಿ ತಿರುಗ್ತೈತಿ!"

ಗುಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಚ್ಚರಾಯಪ್ಪ ಬಗ್ಗಿ ನನ್ನ ಎಲೆಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಆ ಬದುವಿನ ಮೇಲೆ ತನ್ನ ಮನೆಯ ಕಡುಬನ್ನು ಅವನು ತಿಂದದ್ದು ಅದೇ ಮೊದಲು. ಅಗಿದ. ಬಹಳ ಹೊತ್ತು ಅಗಿದ.

"ಹೌದಲ್ಲ" ಅಂದ. "ಉಪ್ಪು ಹಾಕೋದು ನಾ ನೋಡೇ ಇಲ್ಲ. ಕಾಯಿ ಕಲಸಿದ ಮ್ಯಾಲೆ ಪ್ರತೀ ವರ್ಷ ನನ್ನನ್ನ ಬಾಳೆ ಎಲಿ ಕೊಯ್ಯಾಕ ಹಿತ್ತಲಿಗೆ ಕಳಿಸ್ತಿದ್ಲು. ಬರೋದ್ರಾಗ ಎಲ್ಲಾ ಮುಗಿಸಿರ್ತಿದ್ಲು."

ಅವನು ಕೂತ. ಬುಟ್ಟಿಯನ್ನು ಪಕ್ಕಕ್ಕಿಟ್ಟ.

"ಮತ್ತ?" ಅಂದ, ನನ್ನನ್ನೇ ನೋಡುತ್ತ.

"ಮತ್ತ ಏನು? ಮೆಣಸಿನಕಾಯಿ ಹಂಗೇನು ಹಾಕೋದು, ನಾವೇನು ನಿನ್ನ ವೈರಿಗಳೇನು?"

"ತರಿ ದಪ್ಪ ಆತು" ಅಂದಳು ಗುಡ್ಡಮ್ಮ, ಮೆಲ್ಲಗೆ.

"ಎಲಿ ಹರಿದೈತಿ, ನೀರು ಒಳಗೆ ಹೊಕ್ಕೈತಿ" ಅಂದ ಉಚ್ಚಂಗಪ್ಪ. ನಮ್ಮನೆಯವರು ಎರಡನೇ ಸಲ ಹಾಕಿಸಿಕೊಂಡಿದ್ದ ಕಡುಬನ್ನು ತೋರಿಸಿ, ಇದರಿಂದ ಗೋಡೆ ಕಟ್ಟಬಹುದು ಅಂದರು.

ಹುಚ್ಚರಾಯಪ್ಪನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ತನ್ನ ಎಲೆ ಎಳೆದುಕೊಂಡು, ನನ್ನ ಎಣ್ಣೆಗಾಯಿಯ ಮೊದಲ ತುತ್ತು ತಿಂದ.

"ಇನ್ನೂ ಏನೇನು ತಪ್ಪೈತಿ ಹೇಳ್ರಿ" ಅಂದ. "ಎಲ್ಲಾ ಹೇಳ್ರಿ."